ಫ್ರಿಂಜ್ ನಿಲ್ಲವಲ್ವು? ಟೇಬಲ್ ಮ್ಯಾಲಿನ ಇಂಟರ್‌ಫೆರೋಮೀಟರ್‌ದಾಗ ನಾಯ್ಸ್ ಹುಡುಕೋ ದಾರಿ

ಲೇಸರ್ ಹಚ್ಚೀರಿ, ಬೆಳಕು ಎರಡು ಪಾಲು ಮಾಡೋ ಬೀಮ್ ಸ್ಪ್ಲಿಟರ್ ಹೊಂದಿಸೀರಿ, ಗ್ವಾಡಿ ಮ್ಯಾಲ ಫ್ರಿಂಜ್, ಅಂದ್ರ ಬೆಳಕು-ಕತ್ತಲಿನ ಪಟ್ಟಿ, ಬಂದಾವ, ಆದ್ರ ಒಂದ್ ಸೆಕೆಂಡ್ ಸುಮ್ನ ನಿಲ್ಲವಲ್ವು, ಬೆಳಕನ್ನ ವೋಲ್ಟೇಜ್ ಮಾಡೋ ಫೋಟೋಡಯೋಡ್ ಹಚ್ಚಿ ಸ್ಕೋಪ್‌ನ್ಯಾಗ (ಆಸಿಲೋಸ್ಕೋಪ್) ನೋಡಿದ್ರ ಗೆರಿ ಹೋಗಿ ದಪ್ಪನ ಪಟ್ಟಿ ಆಗೈತಿ. ನಮ್ಮ ರಬಕವಿ-ಬನಹಟ್ಟಿ ಕಡೆ ಕಾಲೇಜ್ ಲ್ಯಾಬ್‌ನ್ಯಾಗ ಮೈಕೆಲ್ಸನ್ ಇಂಟರ್‌ಫೆರೋಮೀಟರ್ (ಬೆಳಕು ಎರಡು ತೋಳಿಗೆ ಹೋಗಿ ಕನ್ನಡಿಗೆ ಬಡದು ತಿರಗಿ ಬಂದು ಕೂಡೋ ಯಂತ್ರ) ಕಟ್ಟೋ ಎಂ.ಎಸ್ಸಿ. ಹುಡುಗ್ರು ಹುಡುಗ್ಯಾರು ಎಲ್ಲಾರೂ ತರೋ ತಕರಾರು ಇದ. ಗ್ರಾವಿಟೇಶನಲ್ ವೇವ್, ಅಂದ್ರ ಗುರುತ್ವದ ಅಲೆ, ಹಿಡಿಯೋ ಡಿಟೆಕ್ಟರ್‌ದ ಸಣ್ಣ ಮಾಡೆಲ್ ಮಾಡ್ತೀವಿ ಅಂತ ಪ್ರಾಜೆಕ್ಟ್ ತಗೋತಾರ, ಮುಂದ ಅರ್ಧ ಸೆಮಿಸ್ಟರ್ ನಡುಕದ ಜೋಡಿ ಗುದ್ದಾಡ್ತಾರ.

ಮದ್ಲ ಒಂದ್ ಮಾತು ಗಟ್ಟಿ ಹೇಳಿಬಿಡ್ತೀನಿ. ನಾಯ್ಸ್, ಅಂದ್ರ ಬ್ಯಾಡಾದ ಏರಿಳಿತ, ಕಡಿಮಿ ಮಾಡಾಕ ಗಡಿಬಿಡಿ ಮಾಡಬ್ಯಾಡ್ರಿ, ಅದು ಎಲ್ಲಿಂದ ಬರಾಕತ್ತೈತಿ ಅನ್ನೂದು ಹಿಡೀರಿ. ಭಾಳ ಮಂದಿ ಫ್ರಿಂಜ್ ಅಲುಗಿದ ಕೂಡ್ಲೆ ಟೇಬಲ್ ಕೆಳಗ ಸ್ಪಂಜ್ ಇಡ್ತಾರ, ಮ್ಯಾಲ ಡಬ್ಬಿ ಮುಚ್ತಾರ, ವೈರ್ ಬದಲಿ ಮಾಡ್ತಾರ, ಎಲ್ಲಾ ಒಮ್ಮೆಗೇ, ಆಮ್ಯಾಲ ಸ್ವಲ್ಪ ಕಡಿಮಿ ಆತಂದ್ರ ಯಾವುದರಿಂದ ಆತು ಗೊತ್ತಿಲ್ಲ, ಮರುದಿನ ಮತ್ತ ಬಂತಂದ್ರ ಎದಕ್ಕ ಬಂತು ಅದೂ ಗೊತ್ತಿಲ್ಲ. ಒಂದ್ ಸಲಕ್ಕ ಒಂದ ಬದಲಾವಣಿ, ಮದ್ಲೂ ಆಮ್ಯಾಲೂ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಾಗ ಎಷ್ಟು ನಾಯ್ಸ್ ಅನ್ನೋ ಗ್ರಾಫ್) ಸೇವ್, ಬಾಜೂಕ ಟೈಮ್ ಬರಿಯೂದು. ಬ್ಯಾಸರ ಬರತೈತಿ ಖರೇ, ಆದ್ರ ಇದರಷ್ಟು ಜಲ್ದಿ ಮುಗಿಯೋ ದಾರಿ ಬ್ಯಾರೆ ಇಲ್ಲ.

ದೊಡ್ಡ ಯಂತ್ರದಾಗೂ ಇದ ನಡಿತೈತಿ. ಗುರುತ್ವದ ಅಲೆ ಹಿಡಿಯೋ ಅಮೆರಿಕಾದ ಲೈಗೋ ಅಂದ್ರ ಹ್ಯಾನ್‌ಫರ್ಡ್ ಒಂದು, ಲಿವಿಂಗ್‌ಸ್ಟನ್ ಒಂದು, ಎರಡೂ ಕಡೆ 4 ಕಿಲೋಮೀಟರ್ ತೋಳಿನ ಮೈಕೆಲ್ಸನ್. 2015ರ ಸೆಪ್ಟೆಂಬರ್ 14ಕ್ಕ ಮದ್ಲ ಸಲ ಸಿಕ್ಕ ಅಲೆಯ ಸ್ಟ್ರೇನ್, ಅಂದ್ರ ಉದ್ದದಾಗ ಎಷ್ಟನೇ ಪಾಲು ಬದಲಾತು ಅನ್ನೂದು, 10ರ ಮೈನಸ್ 21ನೇ ಘಾತದ ಲೆಕ್ಕದ್ದು, ಅಂದ್ರ 4 ಕಿಲೋಮೀಟರ್ ತೋಳು ಅಲುಗಿದ್ದು ಪ್ರೋಟಾನ್ ಅಗಲಾನ ನೂರಾರು ಪಾಲು ಮಾಡಿದ್ರ ಅದರಾಗ ಒಂದು ಪಾಲು ಅಷ್ಟ. ಇಷ್ಟು ಸಣ್ಣದು ಸಿಗಬೇಕಾದ್ರ ನಾಯ್ಸ್‌ದ ಪಟ್ಟಿ ಮದ್ಲ ಕೈಯಾಗ ಇರಬೇಕು. ರೈನರ್ ವೈಸ್ ಅವರು 1972ರಾಗ ಎಂಐಟಿಯ ಒಂದು ರಿಪೋರ್ಟ್‌ನ್ಯಾಗ ಮಾಡಿದ್ದು ಅದ ಕೆಲಸ, ಯಂತ್ರ ಇನ್ನೂ ಇಲ್ಲ, ಆದ್ರ ನೆಲದ ನಡುಕ ಎಷ್ಟು, ಶಾಖದ ನಾಯ್ಸ್ ಎಷ್ಟು, ಲೇಸರ್‌ದು ಎಷ್ಟು ಅಂತ ಲೆಕ್ಕ ಹಾಕಿ ಇಟ್ಟಿದ್ರು. ಈಗ ಅದಕ್ಕ ನಾಯ್ಸ್ ಬಜೆಟ್ ಅಂತಾರ. ನಿಮ್ಮ ಟೇಬಲ್ಲಿಗೂ ಒಂದು ಬಜೆಟ್ ಮಾಡ್ರಿ, ನೋಟ್‌ಬುಕ್ಕಿನ ಒಂದ್ ಪುಟ ಸಾಕು.

ಮುಚ್ಚಿ ನೋಡೂದು

ಇದು ಎಲ್ಲಕ್ಕಿಂತ ಮದ್ಲಿನ ಟೆಸ್ಟ್, ಇದನ್ನ ಮಾಡದ ಮುಂದ ಹೋಗಬ್ಯಾಡ್ರಿ.

ಫೋಟೋಡಯೋಡ್ ಮ್ಯಾಲ ಕರಿ ಟೇಪ್ ಹಚ್ರಿ. ಬೆಳಕು ಏನೂ ಬರಂಗಿಲ್ಲ, ಈಗ ಸ್ಪೆಕ್ಟ್ರಮ್‌ದಾಗ ಏನ್ ಕಾಣತೈತೋ ಅದು ಪೂರ್ತಿ ಎಲೆಕ್ಟ್ರಾನಿಕ್ಸ್‌ದು, ಕನ್ನಡಿ ಟೇಬಲ್ ಯಾವುದಕ್ಕೂ ಸಂಬಂಧ ಇಲ್ಲ. ಆಮ್ಯಾಲ ಟೇಪ್ ತಗದು ಲೇಸರ್ ಮಾತ್ರ ಮುಚ್ರಿ, ಈಗ ಹೆಚ್ಚಾಗಿದ್ದು ರೂಮಿನ ಬೆಳಕಿಂದ ಬಂದದ್ದು. ಮೂರನೇದು, ಲೇಸರ್ ಬಿಡ್ರಿ ಆದ್ರ ಒಂದು ತೋಳಿಗೆ ಕಾರ್ಡ್‌ಬೋರ್ಡ್ ಅಡ್ಡ ಇಡ್ರಿ, ಇಂಟರ್‌ಫಿಯರೆನ್ಸ್ ಆಗೂದ ಇಲ್ಲ, ಹಂಗಾಗಿ ಉಳದದ್ದು ಲೇಸರಿನ ಬೆಳಕ ಏರಿಳಿಯೂದು. ಇಲ್ಲೊಂದು ಲೆಕ್ಕ ನೆನಪಿರಲಿ, ಒಂದು ತೋಳು ಮುಚ್ಚಿದಾಗ ಬರೋ ಬೆಳಕು ಮಿಡ್-ಫ್ರಿಂಜ್ (ಪೂರ್ತಿ ಬೆಳಕಿಗೂ ಪೂರ್ತಿ ಕತ್ತಲಿಗೂ ನಡುವಿನ ಜಾಗ) ಬೆಳಕಿನ ಅರ್ಧ, ಅದಕ್ಕ ಆ ನಾಯ್ಸ್ ಎರಡು ಪಟ್ಟು ಮಾಡಿ ಹೋಲಿಸ್ರಿ. ಕಡೀಕ ಎರಡೂ ತೋಳು ಬಿಟ್ಟು ನೋಡ್ರಿ. ಈ ಕಡೀ ಟೆಸ್ಟ್‌ನ್ಯಾಗ ಮಾತ್ರ ಹೊಸದಾಗಿ ಏನ್ ಕಾಣತೈತೋ ಅದು ಖರೇ ಖರೇ ಉದ್ದದ ನಾಯ್ಸ್, ಅಂದ್ರ ಕನ್ನಡಿ ಅಲುಗೂದು, ಗಾಳಿ, ಲೇಸರ್ ಫ್ರೀಕ್ವೆನ್ಸಿ ಇವು.

ಎಲ್ಲಾ ಕೂಡಿ ಹತ್ತು ನಿಮಿಷದ ಕೆಲಸ, ಆದ್ರ ಇದರಿಂದ ಅರ್ಧ ಕೇಸ್ ಇಲ್ಲೇ ಮುಗೀತಾವ. ಟೇಬಲ್ ಕೆಳಗ ಮರಳು ತುಂಬಿ ತುಂಬಿ ಸುಸ್ತಾದವರಿಗೆ ಟೇಪ್ ಹಚ್ಚಿದ ಮ್ಯಾಲೂ ಅದ ನಾಯ್ಸ್ ಐತಿ ಅಂತ ತೋರಿಸಿದಾಗ ಅವರ ಮಾರಿ ನೋಡಬೇಕು.

50, 100, 48

ಟೇಪ್ ಹಚ್ಚಿದ್ರೂ 50 ಹರ್ಟ್ಜ್ ಗೂಟ (ಸ್ಪೆಕ್ಟ್ರಮ್‌ದಾಗ ಎದ್ದು ನಿಂತ ಗೆರಿ) ನಿಂತೈತಿ ಅಂದ್ರ ಅದು ಕರೆಂಟಿನ ಪಿಕಪ್ (ಕರೆಂಟ್ ವೈರಿಂದ ಹೊಕ್ಕದ್ದು) ಇಲ್ಲಾ ಗ್ರೌಂಡ್ ಲೂಪ್ (ಎರಡು ಕಡೆ ಗ್ರೌಂಡ್ ಆಗಿ ಆದ ಸುತ್ತು). ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮ್ಯಾಲ ನಡಸ್ರಿ, ಕಡಿಮಿ ಆತೇನ ನೋಡ್ರಿ. ಸ್ಕೋಪು, ಲೇಸರ್ ಸಪ್ಲೈ, ಆಂಪ್ಲಿಫೈಯರ್ ಎಲ್ಲಾ ಒಂದ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಚ್ರಿ, ಒಂದು ಈ ಗ್ವಾಡಿ ಸಾಕೆಟ್ಟಿಗೆ ಇನ್ನೊಂದು ಆ ಗ್ವಾಡಿ ಸಾಕೆಟ್ಟಿಗೆ ಹಚ್ಚೋ ಚಟ ಬಿಡ್ರಿ. ಫೋಟೋಡಯೋಡ್‌ದಿಂದ ಆಂಪ್ಲಿಫೈಯರ್ ತನಕ ಇರೋ ವೈರ್ ಎಷ್ಟು ಸಣ್ಣದೋ ಅಷ್ಟು ಚಲೋ, ಶೀಲ್ಡ್ ವೈರ್ ಇದ್ರ ಶೀಲ್ಡ್ ಒಂದ ತುದಿಗೆ ಗ್ರೌಂಡ್ ಮಾಡ್ರಿ.

100 ಹರ್ಟ್ಜ್ ಇದ್ರ ಅದು ಬಹುತೇಕ ಬೆಳಕು. ಟ್ಯೂಬ್‌ಲೈಟ್ ಕರೆಂಟಿನ ಒಂದು ಸೈಕಲ್ಲಿಗೆ ಎರಡು ಸಲ ಮಿಣುಕತೈತಿ, ಅದಕ್ಕ 50ರ ಡಬಲ್. ಸೋವಿ ಎಲ್‌ಇಡಿ ಬಲ್ಬ್‌ಗಳೂ ಹಂಗ ಮಾಡತಾವ. ಟೇಪ್ ಹಚ್ಚಿದಾಗ ಹೋತು, ಲೇಸರ್ ಮಾತ್ರ ಮುಚ್ಚಿದಾಗ ಬಂತು ಅಂದ್ರ ಖಾತ್ರಿ. ಲೈಟ್ ಆರಿಸ್ರಿ, ಇಲ್ಲಾ ಡಯೋಡಿಗೆ ಕರಿ ಹಾಳಿಯ ಕೊಳವಿ ಮಾಡ್ರಿ. ಕರೆಂಟ್ ಹೋಗಿ ಇನ್‌ವರ್ಟರ್ ಮ್ಯಾಲ ನಡೆಯೋವಾಗ 150, 250 ಅಂತ ಸಾಲು ಹಿಡದು ಬಂದ್ರ ಇನ್‌ವರ್ಟರ್‌ದ ವೇವ್ ಸೈನ್ ಇಲ್ಲ, ಚೌಕ ಐತಿ ಅಂತ ತಿಳೀರಿ.

ಈಗ ಕಳ್ಳ ಬರತಾನ, ಅವನ ಹೆಸರು 48 ಹರ್ಟ್ಜ್. ಎರಡು ಪೋಲಿನ ನೀರಿನ ಪಂಪು ಲೋಡ್ ಮ್ಯಾಲ ನಿಮಿಷಕ್ಕ ಸುಮಾರು 2,880 ಸುತ್ತು ತಿರಗತೈತಿ, 60ರಿಂದ ಭಾಗ ಮಾಡ್ರಿ, 48. ನಿಮ್ಮ ಸ್ಪೆಕ್ಟ್ರಮ್ ದಪ್ಪ ಇದ್ರ ಅದು 50ರ ಗೂಟದ ಜೋಡಿ ಕೂಡಿಬಿಡತೈತಿ, ನೀವು ಕರೆಂಟಿನ ಪಿಕಪ್ ಅಂತ ವೈರ್ ಕಿತ್ಕೋತ ಕೂಡ್ತೀರಿ, ಅದು ನೋಡಿದ್ರ ನೆಲದಾಗಿಂದ ಬಂದ ನಡುಕ. ಒಂದು ಸೆಕೆಂಡ್ ರೆಕಾರ್ಡ್ ಮಾಡಿದ್ರ 1 ಹರ್ಟ್ಜ್ ರೆಸಲ್ಯೂಶನ್ ಸಿಗತೈತಿ, ಹತ್ತು ಸೆಕೆಂಡ್ ಮಾಡಿದ್ರ 0.1. ಹಂಗಾಗಿ ಉದ್ದ ರೆಕಾರ್ಡ್ ಮಾಡ್ರಿ, 48 ಬ್ಯಾರೆ 50 ಬ್ಯಾರೆ ಆಗಿ ನಿಲ್ಲತಾವ. ಆಮ್ಯಾಲ ಅಟೆಂಡರ್ ಕಾಕಾನ ಕೇಳ್ರಿ.

"ಕಾಕಾ, ಪಂಪ್ ಯಾವಾಗ ಹಚ್ಚಿದ್ರಿ?"

"ಹತ್ತೂವರಿಗೆ ಹಚ್ಚೀನ್ರಿ ಸರ್, ಟಾಕಿ ತುಂಬಿದ್ಮ್ಯಾಲ ಬಂದ್ ಮಾಡೀನಿ."

ನಿಮ್ಮ ಫೈಲಿನ ಟೈಮ್ ನೋಡ್ರಿ, ಕೂಡಿತು ಅಂದ್ರ ಕೇಸ್ ಮುಗೀತು. ನಾಲ್ಕು ಪೋಲಿನ ಮೋಟಾರ್ ಇದ್ರ ಸುಮಾರು 1,440 ಸುತ್ತು, ಅದು 24 ಹರ್ಟ್ಜ್ ಹತ್ರ ಕಾಣತೈತಿ. ಸೀಲಿಂಗ್ ಫ್ಯಾನ್ 5-6 ಹರ್ಟ್ಜ್, ರೆಕ್ಕಿ ಮೂರು ಇರೂದಕ್ಕ 15ರಿಂದ 18ರ ತನಕ ಇನ್ನೊಂದು.

ಅಮೆರಿಕಾದಾಗ ಕರೆಂಟ್ 60 ಹರ್ಟ್ಜ್, ಅದಕ್ಕ ಲೈಗೋದ ಗ್ರಾಫ್‌ನ್ಯಾಗ 60ಕ್ಕ ಗೂಟ ಕಾಣತೈತಿ, ಇಟಲಿಯ ವರ್ಗೋ ಡಿಟೆಕ್ಟರ್‌ದಾಗ 50ಕ್ಕ. ನಮ್ಮ ಬಾಜೂ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲಾದಾಗ ಔಂಢಾ ನಾಗನಾಥ ಹತ್ರ ಲೈಗೋ ಇಂಡಿಯಾ ಬರೂದೈತಿ, 2023ರ ಏಪ್ರಿಲ್‌ನ್ಯಾಗ ಕೇಂದ್ರ ಸಂಪುಟ ಸುಮಾರು 2,600 ಕೋಟಿ ರೂಪಾಯಿಗೆ ಒಪ್ಪಿಗಿ ಕೊಟ್ಟೈತಿ, ಅಲ್ಲೂ 50 ಹರ್ಟ್ಜ್ ಕಾಟ ತಪ್ಪಂಗಿಲ್ಲ.

ಸ್ಯಾಂಪಲಿಂಗ್ ಬಗ್ಗೆ ಒಂದು ಎಚ್ಚರಿಕಿ. ಆರ್ಡುಯಿನೋದಾಗ ಸೆಕೆಂಡಿಗೆ 120 ಸಲ ಓದಿದ್ರ ಟ್ಯೂಬ್‌ಲೈಟಿನ 100 ಹರ್ಟ್ಜ್ ಮಡಚಿಕೊಂಡು 20 ಹರ್ಟ್ಜ್ ಕಡೆ ಬಂದು ಕೂಡತೈತಿ, ನೀವು ಫ್ಯಾನ್ ಅಂತ ತಿಳೀತೀರಿ, ಫ್ಯಾನ್ ಆರಿಸಿದ್ರೂ ಹೋಗಂಗಿಲ್ಲ, ತಲಿ ಕೆಡತೈತಿ. ಓದೂಕ್ಕಿಂತ ಮದ್ಲ ಒಂದು ರೆಸಿಸ್ಟರ್ ಒಂದು ಕೆಪಾಸಿಟರ್ ಹಾಕಿ ಮ್ಯಾಲಿನ ಫ್ರೀಕ್ವೆನ್ಸಿ ಕತ್ತರಿಸ್ರಿ, ಜೋರಾಗಿ ಸ್ಯಾಂಪಲ್ ಮಾಡ್ರಿ. ಆರ್ಡುಯಿನೋ ಊನೋ ಬೋರ್ಡಿನ ಎಡಿಸಿ (ವೋಲ್ಟೇಜನ್ನ ಅಂಕಿ ಮಾಡೋ ಭಾಗ) 10 ಬಿಟ್, 5 ವೋಲ್ಟಿಗೆ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್, ಸಿಗ್ನಲ್ ಇದಕ್ಕಿಂತ ಸಣ್ಣದಿದ್ರ ನೀವು ನೋಡೂದು ಮೆಟ್ಟಿಲಾನ, ಸಿಗ್ನಲ್ ಅಲ್ಲ. ಲ್ಯಾಪ್‌ಟಾಪಿನ ಮೈಕ್ ಪಿನ್ನಿಗೆ ಹಚ್ಚಿ ಆಡಾಸಿಟಿ ಸಾಫ್ಟ್‌ವೇರ್‌ದಾಗ ನೋಡೋರಿಗೆ, ಅದು ನಿಧಾನದ ಸಿಗ್ನಲ್ ಒಳಗ ಬಿಡಂಗಿಲ್ಲ, ಹಂಗಾಗಿ ಫ್ರಿಂಜ್ ಸಾವಕಾಶ ಸರಿಯೂದು ಅಲ್ಲಿ ಕಾಣೂದ ಇಲ್ಲ, "ಡ್ರಿಫ್ಟ್ ಇಲ್ರಿ ಸರ್" ಅಂತ ಖುಷಿ ಪಡಬ್ಯಾಡ್ರಿ.

ಲೇಸರ್

ಒಂದು ತೋಳು ಮುಚ್ಚಿದಾಗೂ ನಾಯ್ಸ್ ದೊಡ್ಡದಿದ್ರ ಲೇಸರ್ ಹಿಡೀರಿ. ಹೀಲಿಯಂ-ನಿಯಾನ್ ಹಚ್ಚಿದ ಕೂಡ್ಲೆ ಅಳೀಬ್ಯಾಡ್ರಿ, ಟ್ಯೂಬ್ ಕಾಯೋ ತನಕ ಅದರ ಉದ್ದ ಬದಲಾಗತೈತಿ, ಮೋಡ್‌ಗಳು (ಟ್ಯೂಬಿನ ಉದ್ದಕ್ಕ ಹೊಂದೋ ಬೆಳಕಿನ ಫ್ರೀಕ್ವೆನ್ಸಿಗಳು) ಸರೀತಾವ, ಅರ್ಧ ತಾಸರ ಬಿಟ್ಟು ನೋಡ್ರಿ. ಎರಡನೇದು, ಕನ್ನಡಿಯಿಂದ ಬೆಳಕು ನೆಟ್ಟಗ ತಿರಗಿ ಲೇಸರ್ ಬಾಯಿಗೆ ಹೋದ್ರ ಲೇಸರ್ ತಾನ ಗಾಬ್ರಿ ಆಗತೈತಿ, ಬೆಳಕು ಕುಣೀತೈತಿ. ಕನ್ನಡಿ ಕೂದಲೆಳೆಯಷ್ಟು ಓರೆ ಮಾಡ್ರಿ, ತಿರಗಿ ಬಂದ ಚುಕ್ಕಿ ಬಾಯಿ ಬಾಜೂಕ ಬೀಳಬೇಕು. ದೊಡ್ಡ ಡಿಟೆಕ್ಟರ್‌ದಾಗ ಇದಕ್ಕ ಫ್ಯಾರಡೇ ಐಸೋಲೇಟರ್ ಅಂತ ಇರತೈತಿ, ಬೆಳಕಿಗೆ ಒನ್-ವೇ ರಸ್ತೆ, ಅದು ನಮ್ಮ ಬಜೆಟ್ಟಿಗೆ ನಿಲುಕಂಗಿಲ್ಲ.

ತೋಳು ಎರಡೂ ಸರಿಸಮ ಇರಲಿ, ಸ್ಕೇಲ್ ಹಿಡದು ಅಳೀರಿ. ಒಂದು ಉದ್ದ ಒಂದು ಗಿಡ್ಡ ಆದ್ರ ಲೇಸರ್ ಫ್ರೀಕ್ವೆನ್ಸಿ ಸ್ವಲ್ಪ ಸರಿದ್ರೂ ಅದು ಕನ್ನಡಿ ಅಲುಗಿದಂಗ ಕಾಣತೈತಿ. ಅದೂ ಅಲ್ಲದ ಎರಡು ಮೋಡಿನ ಟ್ಯೂಬ್‌ದಾಗ, ಎರಡು ದಾರಿಯ ಅಂತರ ಟ್ಯೂಬಿನ ಉದ್ದದಷ್ಟು ಆತಂದ್ರ ಫ್ರಿಂಜ್‌ದ ಕಾಂಟ್ರಾಸ್ಟ್ ಬಿದ್ದು ಹೋಗತೈತಿ, ಕನ್ನಡಿ ಎಷ್ಟು ಹೊಂದಿಸಿದ್ರೂ ಸುಖ ಇಲ್ಲ. ಡಾಟ್ ಲೇಸರ್ ಪಾಯಿಂಟರ್ ಹಚ್ಚಿದವರಿಗೆ ನನ್ನ ಸಲಹೆ ಒಂದ, ಫ್ರಿಂಜ್ ತೋರ್ಸಾಕ ಅಡ್ಡಿಲ್ಲ, ನಾಯ್ಸ್ ಅಳಿಯಾಕ ಬ್ಯಾಡ, ಬಿಸಿ ಆದಂಗ ಮೋಡ್ ಜಿಗೀತಾವ.

ನೆಲದ ನಡುಕ

ಎರಡೂ ತೋಳು ಬಿಟ್ಟಾಗ ಮಾತ್ರ ನಾಯ್ಸ್ ಬಂತು, ಅದೂ 30 ಹರ್ಟ್ಜ್ ಕೆಳಗ ಹೆಚ್ಚು ಅಂದ್ರ ನೆಲ. ಇದರಾಗ ನಾಚಿಕಿ ಪಡೂದೇನಿಲ್ಲ. 1881ರಾಗ ಮೈಕೆಲ್ಸನ್ ಅವರ ಯಂತ್ರ ಬರ್ಲಿನ್ ಊರಿನ ಗಾಡಿ ಓಡಾಟಕ್ಕ ನಡುರಾತ್ರಿಯೂ ನಿಲ್ಲಲಿಲ್ಲ, ಅದಕ್ಕ ಪಾಟ್ಸ್‌ಡಾಮ್‌ದ ವೀಕ್ಷಣಾಲಯಕ್ಕ ಎತ್ತಿಕೊಂಡು ಹೋದ್ರು, 1887ರಾಗ ಮೋರ್ಲಿ ಜೋಡಿ ಮಾಡೋವಾಗ ದೊಡ್ಡ ಮರಳುಗಲ್ಲಿನ ಚಪ್ಪಡಿ ಪಾದರಸದ ಮ್ಯಾಲ ತೇಲಿಬಿಟ್ರು. ಪಾದರಸದ ಉಸಾಬರಿ ನೀವು ಮಾಡಬ್ಯಾಡ್ರಿ, ವಿಷ ಅದು, ಕಲ್ಲಿನ ಚಪ್ಪಡಿ ಮಾತ್ರ ಇವತ್ತಿಗೂ ಖರೇ. ಅದಕ್ಕ ನಮ್ಮ ಜಿಲ್ಲಾದವರು ಪುಣ್ಯವಂತರು, ಇಳಕಲ್ ಗ್ರಾನೈಟ್ ಮನಿ ಬಾಗಿಲಿಗೆ ಐತಿ, ಪಾಲಿಶ್ ಅಂಗಡ್ಯಾಗ ಒಡದ ತುಂಡು ಕೇಳಿದ್ರ ಸೋವಿಯೊಳಗ ಕೊಡ್ತಾರ.

ಯಾರು ನಡುಗಸಾಕತ್ತಾರ ಅಂತ ಮದ್ಲ ಹಿಡೀರಿ. ಫೋನಿನ್ಯಾಗ ಫೈಫಾಕ್ಸ್ ಆಪ್ ಹಾಕ್ಕೊಂಡು ಫೋನ್ ಟೇಬಲ್ ಮ್ಯಾಲ ಅಂಗಾತ ಇಟ್ಟು ಆಕ್ಸೆಲೆರೋಮೀಟರ್ ಸ್ಪೆಕ್ಟ್ರಮ್ ನೋಡ್ರಿ, ಬಾಜೂಕ ಫೋಟೋಡಯೋಡಿನ ಸ್ಪೆಕ್ಟ್ರಮ್ ಇಡ್ರಿ. ಎರಡರಾಗೂ ಒಂದ ಜಾಗಾದಾಗ ಗೂಟ ಇದ್ರ ಅದು ನೆಲದ್ದು. ಲೈಗೋದಾಗೂ ಇದ ಉಪಾಯ, ಕಟ್ಟಡದ ತುಂಬ ಸೈಸ್ಮೋಮೀಟರು, ಮೈಕು, ಮ್ಯಾಗ್ನೆಟೋಮೀಟರು ಹಚ್ಚಿಟ್ಟಿರತಾರ, ಅವು ಸಾಕ್ಷಿದಾರರು. ಸಾಕ್ಷಿ ಹೇಳಿದ್ದಕ್ಕೂ ಡಿಟೆಕ್ಟರ್ ಹೇಳಿದ್ದಕ್ಕೂ ತಾಳಿ ಬಿತ್ತಂದ್ರ ಅದು ಆಕಾಶದಿಂದ ಬಂದದ್ದಲ್ಲ.

ನಮ್ಮ ಕಡೆ ಮುಖ್ಯ ಆರೋಪಿ ಪಾವರ್‌ಲೂಮ್. ಬನಹಟ್ಟಿಯಾಗ ಗ್ವಾಡಿಗೆ ಗ್ವಾಡಿ ಹತ್ತಿ ಮಗ್ಗ ಇರತಾವ, ಒಂದೊಂದು ಮಗ್ಗ ನಿಮಿಷಕ್ಕ ನೂರರ ಮ್ಯಾಲ ಪೆಟ್ಟು ಹೊಡಿತೈತಿ, ಅಂದ್ರ ಸುಮಾರು 2 ಹರ್ಟ್ಜ್, ಪೆಟ್ಟು ಅಂದ ಮ್ಯಾಲ ಅದು ಮೆತ್ತಗಿನ ಸೈನ್ ವೇವ್ ಅಲ್ಲ, 4, 6, 8 ಅಂತ ಹಾರ್ಮೋನಿಕ್ಸ್ ಸಾಲು ಇರತೈತಿ, ಮ್ಯಾಲ ಹತ್ತು ಮಗ್ಗ ಇದ್ರ ಹತ್ತರದೂ ವೇಗ ಸ್ವಲ್ಪ ಸ್ವಲ್ಪ ಬ್ಯಾರೆ, ಹಂಗಾಗಿ ಗೂಟ ಗೂಟ ಕೂಡಿ ದಿಬ್ಬ ಆಗಿಬಿಡತೈತಿ. ಎರಡನೇ ಆರೋಪಿ ಕಬ್ಬಿನ ಹಂಗಾಮಿನ ಟ್ರ್ಯಾಕ್ಟರ್, ಡಬಲ್ ಟ್ರಾಲಿ ತುಂಬಿಕೊಂಡು ರಸ್ತೆದ ಹಂಪ್ ಏರಿ ಇಳದ್ರ ಲ್ಯಾಬಿನ ಕಿಡಕಿ ಮಾತಾಡತೈತಿ. ಬೆಳಗಾವಿ ಉದ್ಯಮಬಾಗ ಕಡೆ ಇರೋರಿಗೆ ಮಗ್ಗದ ಬದಲಿ ಫೌಂಡ್ರಿ. ಪರೀಕ್ಷಾ ಸರಳ, ಮಗ್ಗ ಬಂದ್ ಇರೋ ದಿನ ಒಂದು ರೆಕಾರ್ಡ್, ಚಾಲೂ ಇರೋ ದಿನ ಒಂದು ರೆಕಾರ್ಡ್, ಮ್ಯಾಲ ಕೆಳಗ ಇಟ್ಟು ನೋಡ್ರಿ. ಕರೆಂಟ್ ಹೋದಾಗ ಬ್ಯಾಟರಿ ಮ್ಯಾಲ ಅಳದ್ರ ಇನ್ನೂ ಚಲೋ, ಊರ ನಿಂತಿರತೈತಿ.

ಈಗ ಉಪಾಯ. ತೂಗು ಹಾಕಿದ ವಸ್ತು ತನ್ನ ತೂಗಾಟದ ಫ್ರೀಕ್ವೆನ್ಸಿಗಿಂತ ಮ್ಯಾಲಿನ ನಡುಕ ಒಳಗ ಬಿಡಂಗಿಲ್ಲ. 25 ಸೆಂಟಿಮೀಟರ್ ದಾರಕ್ಕ ಕಟ್ಟಿದ ಕನ್ನಡಿಯ ಫ್ರೀಕ್ವೆನ್ಸಿ 1 ಹರ್ಟ್ಜ್, ಅದಕ್ಕ 10 ಹರ್ಟ್ಜ್ ನಡುಕ ನೂರನೇ ಒಂದು ಪಾಲು ಆಗಿ ಮುಟ್ಟತೈತಿ, ಫ್ರೀಕ್ವೆನ್ಸಿಯ ವರ್ಗದಂಗ ಕಡಿಮಿ ಆಗ್ತಾ ಹೋಗತೈತಿ. ಲೈಗೋದ 40 ಕಿಲೋ ಕನ್ನಡಿ ಹಿಂಗ ಒಂದರ ಕೆಳಗ ಒಂದು ನಾಲ್ಕು ಹಂತದಾಗ ತೂಗತಾವ, ಕಡೀ ಹಂತದಾಗ 0.4 ಮಿಲಿಮೀಟರ್ ದಪ್ಪದ ಗಾಜಿನ ಎಳಿ, ನಾಲ್ಕು ಹಂತ ಅಂದ್ರ ಫ್ರೀಕ್ವೆನ್ಸಿಯ 8ನೇ ಘಾತದಂಗ ನಡುಕ ಇಳೀತೈತಿ. ಇಷ್ಟಾದ್ರೂ 10 ಹರ್ಟ್ಜ್ ಕೆಳಗ ಅವರಿಗೂ ಕೈ ಸೋಲತೈತಿ. ಸಮುದ್ರದ ತೆರಿ ನೆಲಕ್ಕ ಬಡದು 0.1ರಿಂದ 0.3 ಹರ್ಟ್ಜ್ ಸುತ್ತ ಇಡೀ ಭೂಮಿ ಗುಂಯ್‌ಗುಡತೈತಿ, ಅದಕ್ಕ ಸೆನ್ಸರ್ ಹಚ್ಚಿ ಎದರು ತಳ್ಳೋ ವ್ಯವಸ್ಥಾ ಬ್ಯಾರೆ ಇಟ್ಟಾರ. ಜಪಾನಿನ ಕಾಗ್ರಾ ಡಿಟೆಕ್ಟರ್ ನೆಲದ ಮ್ಯಾಲಿನ ಗದ್ದಲ ಬ್ಯಾಡ ಅಂತ ಕಾಮಿಯೋಕಾದ ಗುಡ್ಡದ ಹೊಟ್ಟಿಯೊಳಗ ಕೂತೈತಿ.

ಲ್ಯಾಬ್‌ನ್ಯಾಗ ಕನ್ನಡಿ ತೂಗು ಹಾಕೂದು ಬ್ಯಾಡ, ಇಡೀ ಚಪ್ಪಡಿ ತೇಲಿಸ್ರಿ. ಗ್ರಾನೈಟ್ ಕೆಳಗ ಸ್ಕೂಟರಿನ ಟ್ಯೂಬ್ ಇಟ್ಟು ಅರ್ಧ ಗಾಳಿ ತುಂಬ್ರಿ. ಪೂರ್ತಿ ತುಂಬಿದ್ರ ಟ್ಯೂಬ್ ಬಿರುಸಾಗಿ ಫ್ರೀಕ್ವೆನ್ಸಿ ಏರತೈತಿ, ಉಪಯೋಗ ಇಲ್ಲ. ಕೈಯಿಂದ ಒತ್ತಿ ಬಿಟ್ಟ್ರ ಸೆಕೆಂಡಿಗೆ ಮೂರು ನಾಲ್ಕು ಸಲ ಮೆತ್ತಗ ಕುಣೀಬೇಕು, ಅಲ್ಲಿಗೆ ಸರಿ. ಇಲ್ಲೊಂದು ಮೋಸ ಐತಿ. ಟ್ಯೂಬಿನ ಸ್ವಂತ ಫ್ರೀಕ್ವೆನ್ಸಿ 4 ಹರ್ಟ್ಜ್ ಆದ್ರ ಮಗ್ಗದ ಎರಡನೇ ಹಾರ್ಮೋನಿಕ್ ಕೂಡ 4ರ ಆಸುಪಾಸು, ಅಲ್ಲಿ ನಡುಕ ಕಡಿಮಿ ಆಗೂದು ಬಿಟ್ಟು ಹೆಚ್ಚಾಗತೈತಿ, ಐಸೋಲೇಶನ್ ಶುರು ಆಗೂದು ಸ್ವಂತ ಫ್ರೀಕ್ವೆನ್ಸಿಯ 1.4 ಪಟ್ಟು ದಾಟಿದ ಮ್ಯಾಲ. "ಟ್ಯೂಬ್ ಇಟ್ಟ ಮ್ಯಾಲ ಮತ್ತ ಜಾಸ್ತಿ ಆತ್ರಿ ಸರ್" ಅಂತ ಬಂದ್ರ ಇದ ಕಾರಣ. ಗಾಳಿ ಸ್ವಲ್ಪ ಬಿಟ್ಟು ಇಲ್ಲಾ ಚಪ್ಪಡಿ ಮ್ಯಾಲ ಇನ್ನೊಂದು ಕಲ್ಲು ಏರಿಸಿ ಫ್ರೀಕ್ವೆನ್ಸಿ ಕೆಳಗ ಇಳಸ್ರಿ. ಕುಣಿಯೂದು ನಿಲ್ಲವಲ್ದು ಅಂದ್ರ ಚಪ್ಪಡಿಗೆ ಒಂದು ಅಲ್ಯೂಮಿನಿಯಂ ತಗಡು ಹಚ್ಚಿ ಅದರ ಹತ್ರ ಜೋರಾದ ಮ್ಯಾಗ್ನೆಟ್ ನೆಲಕ್ಕ ಹೊಂದಿಸಿ ಇಡ್ರಿ, ಮುಟ್ಟಸಬಾರದು, ಎಡ್ಡಿ ಕರೆಂಟ್ ತಾನ ಬ್ರೇಕ್ ಹಿಡಿತೈತಿ. ಮತ್ತ ನೆನಪಿರಲಿ, ಚಪ್ಪಡಿ ತೇಲಿಸಿ ವೈರ್ ಮಾತ್ರ ಬಿಗಿಯಾಗಿ ಗ್ವಾಡಿಗೆ ಎಳದು ಕಟ್ಟಿದ್ರ ನಡುಕ ವೈರ್ ಹಿಡಕೊಂಡು ಬರತೈತಿ. ವೈರ್ ಸಡ್ಲ ಬಿಡ್ರಿ.

ಗಾಳಿ ಮತ್ತ ಬಿಸಿ

ಫ್ರಿಂಜ್ ನಡಗೂದಿಲ್ಲ ಆದ್ರ ಸಾವಕಾಶ ಒಂದ ದಿಕ್ಕಿಗೆ ಹರೀತಾವ ಅಂದ್ರ ಬಿಸಿ. 632.8 ನ್ಯಾನೋಮೀಟರ್ ಲೇಸರಿಗೆ ಕನ್ನಡಿ 316 ನ್ಯಾನೋಮೀಟರ್ ಸರಿದ್ರ ಒಂದು ಫ್ರಿಂಜ್ ದಾಟತೈತಿ. 10 ಸೆಂಟಿಮೀಟರ್ ಅಲ್ಯೂಮಿನಿಯಂ ಪಟ್ಟಿ 1 ಡಿಗ್ರಿ ಕಾದ್ರ 2.3 ಮೈಕ್ರೋಮೀಟರ್ ಬೆಳೀತೈತಿ, ಅಂದ್ರ ಏಳು ಫ್ರಿಂಜ್ ಮಂಗಮಾಯ. ಗಾಳಿ ತಾನ ಒಂದು ಡಿಗ್ರಿ ಬದಲಾದ್ರ 20 ಸೆಂಟಿಮೀಟರ್ ತೋಳಿನ್ಯಾಗ ಹೋಗಿ ಬರೋ ಬೆಳಕಿಗೆ ಅರ್ಧ ಫ್ರಿಂಜಿನ ಮ್ಯಾಲ ವ್ಯತ್ಯಾಸ. ಎರಡೂ ತೋಳು ಸಮ ಕಾದ್ರ ಕೂಡಿ ಕಳೀತೈತಿ, ಒಂದ ಕಾದ್ರ ಇಲ್ಲ. ಒಂದು ತೋಳಿನ ಕೆಳಗ ಅಂಗೈ ಹಿಡದು ನೋಡ್ರಿ, ಫ್ರಿಂಜ್ ಹೊಗಿಯಂಗ ಹೊರಳತಾವ.

ಥರ್ಮಾಕೋಲ್ ಡಬ್ಬಿ ಮುಚ್ರಿ, ಲೇಸರಿನ ಪೆಟಗಿ ಹೊರಗ ಇಡ್ರಿ, ಫ್ಯಾನ್ ಬಂದ್, ಮುಚ್ಚಿದ ಮ್ಯಾಲ ಒಂದು ತಾಸು ಕೈ ಹಚ್ಚಬ್ಯಾಡ್ರಿ. ಏಪ್ರಿಲ್-ಮೇ ಬಿಸಲಾಗ ಮಧ್ಯಾಹ್ನ ಅಳಿಯಾಕ ಹೋಗೂದು ಹುಂಬತನ, ನಸುಕಿನ್ಯಾಗ ಅಳೀರಿ. ಲೈಗೋದವರು ಗಾಳೀನ ತಗದು ಒಗದಾರ, 4 ಕಿಲೋಮೀಟರ್ ಕೊಳವಿಯೊಳಗ ಗಾಳಿಯ ಒತ್ತಡ ಹೊರಗಿನದಕ್ಕಿಂತ ಲಕ್ಷ ಕೋಟಿ ಪಾಲಿನ ಹತ್ರ ಕಡಿಮಿ.

ಬಡದು ನೋಡೂದು

ನಡುಕ ಹೋತು ಗಾಳಿ ಹೋತು, ಆದ್ರೂ 200, 350 ಅಂತ ಎಲ್ಲರ ಒಂದ್ ಗೂಟ ಉಳೀತು. ಇದು ಯಾವುದೋ ಮೌಂಟ್ ತನ್ನಷ್ಟಕ್ಕ ತಾ ಹಾಡಾಕತ್ತೈತಿ. ಪೆನ್ಸಿಲ್ ತುದಿಯಿಂದ ಒಂದೊಂದ ಮೌಂಟ್ ಮೆತ್ತಗ ಬಡೀರಿ, ಸ್ಕೋಪ್ ನೋಡ್ರಿ, ಯಾವುದನ್ನ ಬಡದಾಗ ಅದ ಫ್ರೀಕ್ವೆನ್ಸಿ ಮೊಳಗಿ ನಿಧಾನ ಆರತೈತೋ ಅದ ಗುನ್ನೇಗಾರ. ಸ್ಕ್ರೂ ಬಿಗಿ ಮಾಡ್ರಿ, ಕಂಬ ಗಿಡ್ಡ ಮಾಡ್ರಿ, ಉದ್ದ ಕಂಬದ ಮ್ಯಾಲ ಕನ್ನಡಿ ಇಡೂದು ಅಂದ್ರ ನಾಯ್ಸ್‌ಗೆ ಆಮಂತ್ರಣ ಪತ್ರಿಕಾ ಕೊಟ್ಟಂಗ. ಲೈಗೋದ ಗಾಜಿನ ಎಳಿಗಳೂ 500 ಹರ್ಟ್ಜ್ ಹತ್ರ ತಂತಿಯಂಗ ಮಿಡೀತಾವ, ಅವಕ್ಕ ವಯಲಿನ್ ಮೋಡ್ ಅಂತಾರ.

ಬಡದಾಗ ಮೊಳಗಿ ಆರೂದು ಅಂದ ಕೂಡ್ಲೆ ನಮ್ಮ ಸಿ.ವಿ. ವಿಶ್ವೇಶ್ವರ ಅವರು ನೆನಪಾಗ್ತಾರ, ಬೆಂಗಳೂರಿನ ನೆಹರೂ ತಾರಾಲಯ ಕಟ್ಟಿ ಬೆಳೆಸಿದವರು. ಬ್ಲ್ಯಾಕ್ ಹೋಲಿಗೆ ಅಲೆ ಬಡದ್ರ ಅದೂ ಹಿಂಗ ತನ್ನದ ಫ್ರೀಕ್ವೆನ್ಸಿಯಾಗ ಮೊಳಗಿ ಆರತೈತಿ ಅಂತ 1970ರಾಗ ಲೆಕ್ಕದಾಗ ತೋರಿಸಿದವರು ಅವರು. 2015ರ ಸಿಗ್ನಲ್ಲಿನ ಬಾಲದಾಗ ಹುಡುಕಿದ್ದು ಅದನ್ನ.

ಬಡಿಯೋ ಟೆಸ್ಟ್‌ದ ದೊಡ್ಡ ರೂಪಕ್ಕ ಇಂಜೆಕ್ಷನ್ ಅಂತಾರ. ಡಿಟೆಕ್ಟರ್ ಬಾಜೂಕ ಬೇಕಂತ ಸ್ಪೀಕರ್ ಹಚ್ಚತಾರ, ಶೇಕರ್ ಹಚ್ಚಿ ಅಲ್ಲಾಡಸ್ತಾರ, ಇಷ್ಟು ಸದ್ದು ಹಾಕಿದ್ರ ಔಟ್‌ಪುಟ್‌ದಾಗ ಎಷ್ಟು ಬಂತು ಅಂತ ಅಳದು ಇಟ್ಕೋತಾರ, ಮುಂದ ಬರೇ ಮೈಕ್ ನೋಡಿ ಔಟ್‌ಪುಟ್ಟಿನ್ಯಾಗ ಸದ್ದಿನ ಪಾಲು ಎಷ್ಟು ಅಂತ ಹೇಳಬಹುದು. ನೀವೂ ಮಾಡ್ರಿ. ಬ್ಲೂಟೂತ್ ಸ್ಪೀಕರ್‌ದಾಗ ಟೋನ್ ಜನರೇಟರ್ ಹಚ್ಚಿ 50ರಿಂದ 500ರ ತನಕ ಸಾವಕಾಶ ಏರಿಸ್ಕೋತ ಹೋಗ್ರಿ, ಎಲ್ಲಿ ಫ್ರಿಂಜ್ ಮಸಕಾಗತಾವೋ ಬರಕೊಳ್ರಿ. ನಾಯ್ಸ್ ಕಡಿಮಿ ಮಾಡಾಕ ಬಂದೋರು ನಾಯ್ಸ್ ಯಾಕ ಹಾಕಾಕತ್ತೀರಿ ಅಂತ ಬಾಜೂ ಲ್ಯಾಬಿನವರು ಕೇಳ್ತಾರ, ಕೇಳಲಿ.

ದಾರಿ ತಪ್ಪಿದ ಬೆಳಕು

ಇದು ಹುಡುಕಾಕ ಭಾಳ ಕಷ್ಟ. ಬೀಮ್ ಸ್ಪ್ಲಿಟರಿನ ಹಿಂದಿನ ಮೈಯಿಂದ ಒಂದು ಮಸಕು ಕಿರಣ ಹೊರಟು ಗ್ವಾಡಿಗೆ, ಲ್ಯಾಪ್‌ಟಾಪಿಗೆ, ನಿಮ್ಮ ಅಂಗಿ ಗುಂಡಿಗೆ ಬಡದು ತಿರಗಿ ಡಯೋಡಿಗೆ ಬರತೈತಿ. ಬೆಳಕು ಚೂರು ಇರಬಹುದು, ಆದ್ರ ಗೋಲ್ ಗುಂಬಜಿನ ಗ್ಯಾಲರಿಯಾಗ ಆ ಕಡೆಯವರು ಪಿಸುಗುಟ್ಟಿದ್ದು ಸುತ್ತಿ ಬಂದು ಈ ಕಡೆಯವರ ಕಿವಿಯಾಗ ಕೇಳಿಸಿದಂಗ, ಅದು ತಾ ಬಡದು ಬಂದ ಗ್ವಾಡಿಯ ನಡುಕಾ ಹೊತ್ತುಕೊಂಡು ಬಂದು ಮುಖ್ಯ ಬೆಳಕಿನ ಜೋಡಿ ಇಂಟರ್‌ಫಿಯರ್ ಆಗತೈತಿ. ನೀವು ಚಪ್ಪಡಿ ಎಷ್ಟು ಚಲೋ ತೇಲಿಸಿದ್ರೂ ಗ್ವಾಡಿ ತೇಲಂಗಿಲ್ಲಲ್ಲ. ರೂಮ್ ಕತ್ತಲ ಮಾಡಿ ಬಿಳಿ ಹಾಳಿ ಹಿಡದು ಟೇಬಲ್ ಸುತ್ತ ತಿರಗ್ರಿ, ಎಲ್ಲೆಲ್ಲಿ ಕೆಂಪು ಚುಕ್ಕಿ ಬೀಳತೈತಿ ಅಲ್ಲೆಲ್ಲಾ ಕರಿ ಹಾಳಿ ಓರೆಯಾಗಿ ನಿಲ್ಲಸ್ರಿ.

ಲಿವಿಂಗ್‌ಸ್ಟನ್ ಹತ್ರ ಗೂಡ್ಸ್ ರೈಲು ಹೋದಾಗ ನೆಲದ ಕಡಿಮಿ ಫ್ರೀಕ್ವೆನ್ಸಿ ನಡುಕ ಡಿಟೆಕ್ಟರಿನ್ಯಾಗ ಮ್ಯಾಲಿನ ಫ್ರೀಕ್ವೆನ್ಸಿಗೆ ಏರಿ ಕಾಣೂದು, ಇಂಥಾದ್ರ ಹಿಂದ ಚದುರಿದ ಬೆಳಕ ಇರತೈತಿ. 2017ರಾಗ ಹ್ಯಾನ್‌ಫರ್ಡಿನ್ಯಾಗ ಒಂದು ವಿಚಿತ್ರ ಸದ್ದು ಡೇಟಾದಾಗ ಬರಾಕತ್ತಿತ್ತು, ಮೈಕ್ ಹಿಡದು ಹುಡಕ್ಕೋತ ಹೋದ್ರ ಹೊರಗ ನೈಟ್ರೋಜನ್ ಪೈಪಿನ ಮ್ಯಾಲ ಕಟ್ಟಿದ ಬರ್ಫಾ ಕಾಗಿ ಜಾತಿಯ ರೇವನ್ ಹಕ್ಕಿಗಳು ಕುಕ್ಕಿ ತಿನ್ನಾಕತ್ತಿದ್ವು. ಪೈಪಿಗೆ ಬರ್ಫ ಕಟ್ಟದಂಗ ಹೊದಿಕಿ ಹಾಕಿದ್ರು. ಬಿಸಲಾಗ ನೀರಡಿಸಿದ ಹಕ್ಕಿ ತಪ್ಪೇನಿಲ್ಲ ಬಿಡ್ರಿ.

ಸ್ಪೆಕ್ಟ್ರಮ್ ಸುಳ್ಳು ಹೇಳೋವಾಗ

ಇಲ್ಲಿ ತನಕ ಹೇಳಿದ್ದೆಲ್ಲಾ ನಡೀಬೇಕಾದ್ರ ಒಂದು ಶರತ್ತು ಐತಿ, ಇದನ್ನ ಲ್ಯಾಬ್ ಮ್ಯಾನ್ಯುಯಲ್‌ದಾಗ ಯಾರೂ ಬರಿಯಂಗಿಲ್ಲ. ಫೋಟೋಡಯೋಡಿನ ವೋಲ್ಟೇಜ್ ಕನ್ನಡಿಯ ಜಾಗಕ್ಕ ನೆಟ್ಟಗ ಅನುಪಾತ ಇರೂದು ಅಲುಗಾಟ ಒಂದು ಫ್ರಿಂಜ್‌ಗಿಂತ ಭಾಳ ಸಣ್ಣದಿದ್ದಾಗ, ಅದೂ ಮಿಡ್-ಫ್ರಿಂಜ್ ಹತ್ರ ಮಾತ್ರ. ಫ್ರಿಂಜ್ ದಾಟಿ ದಾಟಿ ಹೋದ್ರ ಸಿಗ್ನಲ್ ಮಡಚಿಕೋತೈತಿ. 2 ಹರ್ಟ್ಜ್ ಮಗ್ಗದ ನಡುಕಕ್ಕ ಕನ್ನಡಿ ಆ ಕಡೆ ಈ ಕಡೆ 3 ಮೈಕ್ರೋಮೀಟರ್ ಅಲುಗಿದ್ರ ಜೋರಾಗಿ ಓಡೋ ಹೊತ್ತಿನ್ಯಾಗ ಸೆಕೆಂಡಿಗೆ ಸುಮಾರು 120 ಫ್ರಿಂಜ್ ದಾಟತಾವ, ಅಂದ್ರ 2 ಹರ್ಟ್ಜ್ ಕಾರಣಕ್ಕ 120 ಹರ್ಟ್ಜ್ ತನಕ ನಾಯ್ಸ್ ಹರಡತೈತಿ, ನೀವು ಆ 80-100 ಹರ್ಟ್ಜ್‌ದಾಗ ಕಾರಣ ಹುಡಕ್ತಾ ಕೂತ್ರ ಜನ್ಮದಾಗ ಸಿಗಂಗಿಲ್ಲ. ಹಂಗಾಗಿ ಸ್ಕೋಪ್‌ನ್ಯಾಗ ವೋಲ್ಟೇಜ್ ಮ್ಯಾಲಿನ ತುದಿ ಕೆಳಗಿನ ತುದಿ ಎರಡೂ ಮುಟ್ಟಿ ಬರಾಕತ್ತಿದ್ರ ಸ್ಪೆಕ್ಟ್ರಮ್ ತಗೀಲೇ ಬ್ಯಾಡ್ರಿ, ಮದ್ಲ ನಡುಕ ಇಳಸ್ರಿ ಇಲ್ಲಾ ಲಾಕ್ ಮಾಡ್ರಿ.

ಲಾಕ್ ಅಂದ್ರ ಫೀಡ್‌ಬ್ಯಾಕ್. ಬಜರ್‌ದಾಗ ಇರೋ ಪಿತ್ತಾಳಿ ಬಣ್ಣದ ಪೀಜೋ ಬಿಲ್ಲಿ (ವೋಲ್ಟೇಜ್ ಕೊಟ್ರ ಸ್ವಲ್ಪ ಸರಿಯೂದು) ಎಲೆಕ್ಟ್ರಾನಿಕ್ಸ್ ಅಂಗಡ್ಯಾಗ ಚಿಲ್ಲರಿ ರೊಕ್ಕಕ್ಕ ಸಿಗತೈತಿ, ಅದಕ್ಕ ಸಣ್ಣ ಹಗುರ ಕನ್ನಡಿ ಅಂಟಸ್ರಿ. ಡಯೋಡ್ ವೋಲ್ಟೇಜ್ ಮಿಡ್-ಫ್ರಿಂಜ್ ಬೆಲೆಯಿಂದ ಕಳದು ಇಂಟಿಗ್ರೇಟರ್ ಮೂಲಕ ಪೀಜೋಕ್ಕ ಕೊಡ್ರಿ, ಫ್ರಿಂಜ್ ಸರಿದ್ರ ಪೀಜೋ ಎದರು ಸರಿದು ಅಲ್ಲೇ ಹಿಡಿತೈತಿ. ಗೇನ್ ಕಡಿಮಿಯಿಂದ ಶುರು ಮಾಡ್ರಿ. ಏರಸ್ಕೋತ ಹೋದಂಗ ಒಂದ್ ಕಡೆ ಕುಂಯ್ ಅಂತ ಆಸಿಲೇಟ್ ಆಗತೈತಿ, ಅದರ ಅರ್ಧಕ್ಕ ಇಳಿಸಿ ಬಿಡ್ರಿ. ಲಾಕ್ ಆದ ಮ್ಯಾಲ ಡಯೋಡ್ ನೋಡಿ ನಾಯ್ಸ್ ಹೋತು ಅಂತ ಕುಣೀಬ್ಯಾಡ್ರಿ, ಅದು ಹೋಗಿಲ್ಲ, ಪೀಜೋಕ್ಕ ಕೊಡೋ ವೋಲ್ಟೇಜಿನ್ಯಾಗ ಹೋಗಿ ಕೂತೈತಿ, ಲಾಕ್ ಹಿಡಿಯೋ ಫ್ರೀಕ್ವೆನ್ಸಿಯಾಗ ಅಳೀಬೇಕಾದದ್ದು ಆ ವೋಲ್ಟೇಜ್.

ಲೈಗೋ ನಿಲ್ಲೂದು ಮಿಡ್-ಫ್ರಿಂಜ್ ಅಲ್ಲ, ಕತ್ತಲ ಫ್ರಿಂಜ್ ಹತ್ರ, ಯಾಕಂದ್ರ ಅಲ್ಲಿ ಲೇಸರಿನ ಏರಿಳಿತ ಔಟ್‌ಪುಟ್ಟಿಗೆ ಭಾಳ ಕಡಿಮಿ ಹೋಗತೈತಿ, ತೋಳಿನ್ಯಾಗ ಲಕ್ಷ ವ್ಯಾಟ್ ಮೀರಿ ಬೆಳಕು ತಿರಗತಿರತೈತಿ ಅಂದ ಮ್ಯಾಲ ಅದು ಬೇಕ ಬೇಕು.

"ಕ್ವಾಂಟಮ್ ನಾಯ್ಸ್ ಇರಬೇಕ್ರಿ ಸರ್"

ಇಲ್ಲಪಾ, ಅಲ್ಲ. ವೈವಾದಾಗ ಪ್ರತಿ ಬ್ಯಾಚಿನ್ಯಾಗೂ ಒಬ್ರು ಹಿಂಗಂತಾರ. 1 ಮಿಲಿವ್ಯಾಟ್ ಕೆಂಪು ಲೇಸರ್ ಅಂದ್ರ ಸೆಕೆಂಡಿಗೆ ಸುಮಾರು 3ರ ಮುಂದ 15 ಸೊನ್ನಿ ಅಷ್ಟು ಫೋಟಾನ್, ಅವು ಎಣಿಕಿ ತಪ್ಪಿ ಬರೂದರಿಂದ ಆಗೋ ಶಾಟ್ ನಾಯ್ಸ್ ಒಂದು ಸೆಕೆಂಡ್ ಸರಾಸರಿಯಾಗ ಮೀಟರಿನ 10ರ ಮೈನಸ್ 15ನೇ ಘಾತದ ಲೆಕ್ಕ. ನಿಮ್ಮ ಟೇಬಲ್ ನ್ಯಾನೋಮೀಟರಿಗೆ ಒದ್ದಾಡಾಕತ್ತೈತಿ, ನಡುವ ಹತ್ತು ಲಕ್ಷ ಪಟ್ಟು ದೂರ ಐತಿ. ಲೈಗೋದವರಿಗೆ ಆ ಮಾತು ಹೇಳೋ ಹಕ್ಕೈತಿ, ಮ್ಯಾಲಿನ ಫ್ರೀಕ್ವೆನ್ಸಿಯಾಗ ಶಾಟ್ ನಾಯ್ಸ್, ಕೆಳಗ ಬೆಳಕ ಕನ್ನಡೀನ ತಳ್ಳೋ ನಾಯ್ಸ್, ಒಂದು ಕಡಿಮಿ ಮಾಡಾಕ ಹೋದ್ರ ಇನ್ನೊಂದು ಏರತೈತಿ. ಅದಕ್ಕ 2019ರಿಂದ ಸ್ಕ್ವೀಜ್ ಮಾಡಿದ (ಕ್ವಾಂಟಮ್ ಏರಿಳಿತ ಒಂದು ಕಡೆ ಅದುಮಿದ) ಬೆಳಕು ಹಚ್ಚಿದ್ರು, 2023ರಾಗ 300 ಮೀಟರಿನ ಇನ್ನೊಂದು ಕ್ಯಾವಿಟಿ (ಕನ್ನಡಿಗಳ ನಡುವ ಬೆಳಕು ಓಡಾಡೋ ಜಾಗ) ಕಟ್ಟಿ ಎರಡೂ ತುದಿಯಾಗ ಲಾಭ ಸಿಗೂಹಂಗ ಮಾಡಿದ್ರು.

ಎಲ್ಲಾ ಆದ ಮ್ಯಾಲೂ ಯಾವಾಗರ ಒಮ್ಮೆ ಟಕ್ ಅಂತ ಒಂದು ಗ್ಲಿಚ್ ಬರತೈತಿ, ದಿನಾ ಅಲ್ಲ. ಅದನ್ನ ಫೈಲಿಂದ ಕತ್ತರಿಸಿ ಒಗೀಬ್ಯಾಡ್ರಿ. 2017ರ ಆಗಸ್ಟ್ 17ಕ್ಕ ಎರಡು ನ್ಯೂಟ್ರಾನ್ ತಾರಿ ಡಿಕ್ಕಿ ಹೊಡದ ಸಿಗ್ನಲ್ ಬಂದಾಗ ಲಿವಿಂಗ್‌ಸ್ಟನ್‌ದಾಗ ಡಿಕ್ಕಿಗಿಂತ ಒಂದು ಸೆಕೆಂಡ್ ಚಿಲ್ಲರಿ ಮದ್ಲ ದೊಡ್ಡ ಗ್ಲಿಚ್ ಕೂತಿತ್ತು, ಗ್ಲಿಚ್ ಇರೋ ಡೇಟಾ ಬ್ಯಾಡ ಅಂತ ಒಗದಿದ್ರ ಆ ಸಿಗ್ನಲ್ಲೂ ಜೋಡಿಗೇ ಹೋಗತಿತ್ತು, ಅವರು ಗ್ಲಿಚ್‌ದ ಆಕಾರಕ್ಕ ಮಾಡೆಲ್ ಮಾಡಿ ಅದನ್ನ ಅಷ್ಟ ಕಳದ್ರು. ನೀವು ಟೈಮ್ ಬರಕೊಳ್ರಿ, ಫೋನಿನ ಗಡಿಯಾರದ ಜೋಡಿ ಲ್ಯಾಪ್‌ಟಾಪಿನ ಗಡಿಯಾರ ಕೂಡಿಸಿ ಇಡ್ರಿ, ಎರಡು ವಾರದ ಪಟ್ಟಿ ಆದ ಮ್ಯಾಲ ನೋಡ್ರಿ. ದಿನಾ ಒಂದ ಹೊತ್ತಿಗೆ ಬಂದ್ರ ಅದು ಮನುಷ್ಯಾರ ಕೆಲಸ, ಶಿಫ್ಟ್ ಬದಲಿ, ಬಸ್ಸು, ಕಾಲೇಜಿನ ಗಂಟಿ. ಬಿಸಲು ಏರಿದಾಗ ಇಳದಾಗ ಮಾತ್ರ ಬಂದ್ರ ಮೌಂಟಿನ ಲೋಹ ಹಿಗ್ಗಿ ಸ್ಕ್ರೂ ಜಾರಾಕತ್ತೈತಿ. ಹೊತ್ತಿಲ್ಲದ ಹೊತ್ತಿನ್ಯಾಗ ಬಂದ್ರ, ಫೋಟೋಡಯೋಡಿಗೆ ಮತ್ತ ಕರಿ ಟೇಪ್ ಹಚ್ಚಿ ರಾತ್ರಿಯೆಲ್ಲಾ ರೆಕಾರ್ಡಿಗೆ ಬಿಟ್ಟು ಹೋಗ್ರಿ, ಅದರಾಗೂ ಟಕ್ ಅಂತಂದ್ರ ಆಂಪ್ಲಿಫೈಯರಿನ ಸೋಲ್ಡರ್ ಜಾಯಿಂಟ್ ಒಂದೊಂದಾಗಿ ಕಾಸಿ ನೋಡೂದ ಉಳದ ಕೆಲಸ.